ಖಾಲಿ ಹೊಟ್ಟೆ

ಉರ್ವ ಮಾರ್ಕೆಟಿನ ಮೇಲೆ, ಒಂದನೇ ಮಾಳಿಗೆಯಲ್ಲಿ ನನ್ನ ಲ್ಯಾಬು.
ಮೆಟ್ಟಿಲ ಎಡಕ್ಕೆ ಬಸಳೆ, ಅಲಸಂಡೆ, ಮಟ್ಟುಗುಳ್ಳ,
ಬಲಕ್ಕೆ ಬೂತಾಯಿ, ಬಂಗುಡೆ, ಐಸಿನ ನೀರು.
ಬೆಳಗ್ಗೆ ಆರೂವರೆಗೆ ಶಟರ್ ಎತ್ತುವಾಗ
ಎರಡೂ ವಾಸನೆ ಕೂಡಿಯೇ ಹತ್ತಿ ಬರುತ್ತವೆ,
ಫಿನಾಯಿಲಿಗೂ ಅವನ್ನು ಬೇರೆ ಮಾಡಲು ಗೊತ್ತಿಲ್ಲ.

ಬೆಂಚಿನ ತುಂಬ ನಿನ್ನೆ ರಾತ್ರಿಯಿಂದ ಉಣ್ಣದವರು.
ಈ ಒಂದು ಗಳಿಗೆ ಊರಿನಲ್ಲಿ ಯಾರೂ
ಸೊಪ್ಪಿನವರಲ್ಲ, ಮೀನಿನವರಲ್ಲ,
ನೀರು ಕುಡಿಯಬಹುದಾ ವಾರಿಜಕ್ಕ, ಎನ್ನುವವರು ಮಾತ್ರ.

ಆದರೂ ಬಾಯಿ ಸುಮ್ಮನಿರಬೇಕಲ್ಲ.
"ಹುಲ್ಲು ತಿನ್ನುವ ಆನೆಗೆ ಎಂತ ಕಡಿಮೆ ಉಂಟು?" ಎಂದರು ಕೆದಿಲಾಯರು.
"ಆನೆಗೆ ಮದುವೆಮನೆ ಇಲ್ಲ," ಎಂದ ಗ್ರೆಗರಿ ಕ್ರಾಸ್ತಾ
ಊದಿದ ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದು,
ಹಂದಿಯ ಬಾಫತ್ ಬಿಡಿಸಿದ ಡಾಕ್ಟರಿಗೆ ಕೊಂಕಣಿಯಲ್ಲಿ ಬೈದು.
ಜಿಮ್ಮಿನ ಹುಡುಗ ಫೋನಿನಿಂದ ಏನೋ ಓದಿದ:
ಯಾವುದೋ ದೇಶ, ಲಕ್ಷ ಜನ, ಇಪ್ಪತ್ತು ವರ್ಷ, ಇಷ್ಟು ಶೇಕಡ.
ಯಾರೂ ಕೇಳಲಿಲ್ಲ. ಅಪ್ಪಿ ಕರ್ಕೇರ
"ಬೇಗ ತೆಗಿ ಮಗಾ, ಬುಟ್ಟಿ ಕೆಳಗೆ ಬಿಟ್ಟಿದ್ದೇನೆ, ಕಾಗೆ ಉಂಟು"
ಎಂದು ತೋಳು ಚಾಚಿದಳು.

ಮೆಷಿನ್ ತಿರುಗಿ ನಿಂತ ಮೇಲೆ ನಳಿಕೆ ಎತ್ತಿ ನೋಡುತ್ತೇನೆ.
ತಳದಲ್ಲಿ ಕೆಂಪು, ಮೇಲೆ ತಿಳಿ.
ಕೆದಿಲಾಯರದ್ದು ಇವತ್ತೂ ಬಿಳಿ,
ಮೊದಲ ಸಲ ಹಿಂಡಿದ ಕಾಯಿಹಾಲಿನ ಹಾಗೆ.
ನಲವತ್ತು ವರ್ಷ ಮದುವೆ ಅಡಿಗೆ.
ಕಾಶಿಹಲ್ವ ಹದಕ್ಕೆ ಬಂತಾ, ಪಾಯಸಕ್ಕೆ ಬೆಲ್ಲ ಸಾಕಾ,
ಅಂಗೈಗೆ ಬಿಟ್ಟುಕೊಂಡು ನೆಕ್ಕಿ ನೆಕ್ಕಿ ಹೇಳಿದ ನಾಲಗೆ.
ಅವರದೇ ಮನೆಯ ಸೋದರತ್ತೆ, ತೊಂಬತ್ತೊಂದು,
ಹಿಡಿ ಅನ್ನ, ಒಂದೆಲಗದ ತಂಬುಳಿ:
ಅವರ ವರದಿಯಲ್ಲಿ ಕೆಂಪು ಗೆರೆಯೇ ಇಲ್ಲ.
ಅಪ್ಪಿಯದ್ದರಲ್ಲೂ ಇಲ್ಲ.
ಇದನ್ನು ಯಾವ ಕಡೆಯ ಲೆಕ್ಕಕ್ಕೆ ಬರೆಯಲಿ?

ನನ್ನ ಅಪ್ಪ ಎರಡು ಹೊತ್ತೂ ಮೀನು ಉಂಡವನು.
ಬಂದರಿನಲ್ಲಿ ಬಲೆ ಹೊಲಿಯುತ್ತ ಐವತ್ತೆಂಟಕ್ಕೆ ಹಾಗೇ ವಾಲಿದ.
ಬೀಡಿ, ಎಂದರು ಡಾಕ್ಟರು.
ಅಮ್ಮ ಇವತ್ತಿಗೂ ಒಪ್ಪಿಲ್ಲ.
ಅದು ಬೋಟು ಕಡಲಿಗಿಳಿಯದ ಆಟಿ ತಿಂಗಳು,
ಹದಿನೈದು ದಿನ ಬರೀ ಹಪ್ಪಳ, ಉಪ್ಪಿನಕಾಯಿ.
ಮೀನಿಲ್ಲದೆ ಹೋದರು, ಎನ್ನುತ್ತಾಳೆ.
ಈಗಲೂ ಮೇ ಮುಗಿಯುವ ಮೊದಲು
ಡಬ್ಬಿ ತುಂಬ ಒಣಮೀನು ಒತ್ತಿಡುತ್ತಾಳೆ, ಮದ್ದಿನ ಹಾಗೆ.

ಹತ್ತು ಗಂಟೆಗೆ ಕೆದಿಲಾಯರು ಕಾಗದ ಹಿಡಿದು ನಿಂತರು.
ಟ್ರೈಗ್ಲಿಸರೈಡ್ ನಾನೂರ ಹನ್ನೆರಡು.
ಬಿ ಹನ್ನೆರಡು, ಇದ್ದೂ ಇಲ್ಲದ ಹಾಗೆ.
"ಒಂದು ಮೊಟ್ಟೆ ಮುಟ್ಟಿದವನಲ್ಲ ನಾನು, ಮಾರಾಯ್ತಿ."
ಬೈದ ಹಾಗಿರಲಿಲ್ಲ. ನಲವತ್ತು ವರ್ಷ ಚೀಟಿ ಕಟ್ಟಿ
ಒಂದು ದಿನ ಕಚೇರಿಯ ಬಾಗಿಲಿಗೆ ಬೀಗ ಕಂಡವರ ದನಿ.
ದೇವರಿಗೆಂದು ಬಿಟ್ಟದ್ದಕ್ಕೆ ರಕ್ತದ ಹತ್ತಿರ ಬಡ್ಡಿ ಕೇಳಬಾರದು
ಎನ್ನಬೇಕೆಂದಿದ್ದೆ.
ನಿಮ್ಮಿಂದ ಇಷ್ಟು ಕೋಳಿಗಳಾದರೂ ಬದುಕಿದವು, ಸಾಲದಾ, ಎಂದೂ.
"ಸಂಜೆ ಡಾಕ್ಟರಿಗೆ ತೋರಿಸಿ" ಎಂದೆ.

ಕಿಟಕಿಯಿಂದ ಕಂಡೆ: ದಿನಾ ಶಾಲು ಮೂಗಿಗೊತ್ತಿ ದಾಟುವ ಮನುಷ್ಯ
ಇವತ್ತು ಬಲಗಡೆ ನಿಂತಿದ್ದಾರೆ,
ಐಸಿನ ನೀರಿಗೆ ಹೆದರಿ ಪಂಚೆ ಎತ್ತಿ.
"ಅಲ್ಲ ಅಪ್ಪೀ, ಈ ಬೂತಾಯಿಯಲ್ಲಿ ಅಂಥದ್ದೆಂತ ಉಂಟು?"
ಅವಳು ತಲೆಯ ಸಿಂಬಿ ಸರಿಮಾಡುತ್ತಿದ್ದಳು.
"ತಿನ್ನುವುದರಲ್ಲಿ ಎಂತದ್ದೂ ಇಲ್ಲ ಭಟ್ರೇ. ಹೊರುವುದರಲ್ಲಿ."
ಇಲ್ಲಿಂದ ಕದ್ರಿ ಗುಡ್ಡದವರೆಗೆ, ಗೇಟಿನಿಂದ ಗೇಟಿಗೆ, ಎಪ್ಪತ್ತೊಂದರಲ್ಲಿ.
ಆಮೇಲೆ, "ಬುಟ್ಟಿಗೆ ಒಂದು ಕೈ ಕೊಡ್ತೀರಾ?" ಎಂದಳು.

ಕೆದಿಲಾಯರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು,
ಮೂಗಿನ ಹತ್ತಿರವಿದ್ದ ಶಾಲನ್ನು ಹೆಗಲಿಗೆ ಎಸೆದರು.
ಅಷ್ಟರಲ್ಲಿ ನನ್ನ ಬೆನ್ನ ಹಿಂದೆ
ಹದಿನೇಳನೇ ಟೋಕನ್ ಕೆಮ್ಮಿತು.